ಕತ್ತಿನ ರಕ್ತ ನಿಂತರಷ್ಟೇ ಸಾಕೆ?

ಬಾಯಿ, ನಾಲಿಗೆ, ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿಕೊಂಡು ಮನೆಗೆ ಹೊರಡುವ ರೋಗಿಗೆ ವೈದ್ಯರು ಹೇಳಿಕಳುಹಿಸುವ ಮಾತುಗಳ ಪಟ್ಟಿ ದೊಡ್ಡದು. ತಂಬಾಕು ಮುಟ್ಟಬೇಡಿ, ದಿನವೂ ಬಾಯಿ ಮುಕ್ಕಳಿಸಿ, ಕತ್ತಿನ ವ್ಯಾಯಾಮ ಬಿಡಬೇಡಿ, ಹೇಳಿದ ದಿನ ತಪ್ಪದೆ ಬಂದು ತೋರಿಸಿ. ಈ ಪಟ್ಟಿಯಲ್ಲಿ ಬಹುತೇಕ ಕಾಣದ ಮಾತೊಂದಿದೆ. ಕತ್ತಿನ ಗಾಯದಿಂದಲೋ ಬಾಯಿಯಿಂದಲೋ ಎಂದಾದರೂ ಒಂದು ದಿನ ಒಂದೆರಡು ಚಮಚದಷ್ಟು ಕೆಂಪು ರಕ್ತ ಬಂದು ತಾನಾಗಿಯೇ ನಿಂತರೆ, ನಿಂತಿತಲ್ಲ ಎಂದು ಸಮಾಧಾನಪಟ್ಟುಕೊಳ್ಳದೆ ಅಂದೇ ದೊಡ್ಡ ಆಸ್ಪತ್ರೆಗೆ ಬನ್ನಿ ಎಂಬ ಮಾತು ಅದು. ಏಕೆಂದರೆ ಆ ಒಂದೆರಡು ಚಮಚ ರಕ್ತ ಬಹಳ ಸಲ ಮುನ್ಸೂಚನೆ. ಅದರ ಹಿಂದೆ, ಕೆಲವು ಗಂಟೆಗಳಲ್ಲೋ ಕೆಲವು ದಿನಗಳಲ್ಲೋ, ಕತ್ತಿನ ಮಹಾರಕ್ತನಾಳವೇ ಒಡೆಯುವ ಅಪಾಯ ಕಾದಿರುತ್ತದೆ.

ರಕ್ತನಾಳದ ಒಳಗಿನಿಂದಲೇ ಚಿಕಿತ್ಸೆ ನೀಡುವ ವಿಭಾಗದಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿರುವ ನನಗೆ, ಈ ವಿಷಯವನ್ನು ವೈದ್ಯರ ಸಮ್ಮೇಳನಗಳಿಂದ ಹೊರತಂದು ಓದುಗರ ಮುಂದಿಡುವುದು ಅಗತ್ಯವೆನಿಸಿದೆ. ಇದು ಅಪರೂಪದ ಸ್ಥಿತಿ ನಿಜ. ಆದರೆ ಇದಕ್ಕೆ ಕಾರಣವಾಗುವ ಕಾಯಿಲೆ ನಮ್ಮಲ್ಲಿ ಅಪರೂಪದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಜನರಲ್ಲಿ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಪತ್ತೆಯಾಗುತ್ತದೆ. ಅಡಿಕೆಯನ್ನು ಅದೇ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿ ಎರಡು ದಶಕ ಕಳೆದಿವೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಗುಟ್ಕಾ ಮಾರಾಟವನ್ನು 2013ರಲ್ಲಿ ನಿಷೇಧಿಸಿದ ರಾಜ್ಯವೂ ನಮ್ಮದೇ. ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಕೊಂಡು ಅಂಗೈಯಲ್ಲಿ ಬೆರೆಸಿಕೊಂಡರೆ ಆ ನಿಷೇಧ ಏನಾಗುತ್ತದೆ ಎಂಬುದನ್ನು ಯಾವುದೇ ಬಸ್ ನಿಲ್ದಾಣದ ಗೂಡಂಗಡಿಯ ಮುಂದೆ ಹತ್ತು ನಿಮಿಷ ನಿಂತವರಿಗೆ ವಿವರಿಸಬೇಕಿಲ್ಲ. ಆ ಚರ್ಚೆ ಬೇರೆ. ಅದನ್ನು ಇಲ್ಲಿಗೇ ಬಿಡುತ್ತೇನೆ.

ಕತ್ತಿನ ಎರಡೂ ಬದಿಯಲ್ಲಿ, ಗಂಟಲಮಣಿಯ ಪಕ್ಕದಲ್ಲಿ ಬೆರಳಿಟ್ಟರೆ ಮಿಡಿತ ಸಿಗುತ್ತದೆಯಲ್ಲ, ಅದೇ ಕ್ಯಾರೋಟಿಡ್ ಅಪಧಮನಿ. ದವಡೆಯ ಮೂಲೆಯ ಕೆಳಗೆ ಅದು ಎರಡಾಗಿ ಕವಲೊಡೆಯುತ್ತದೆ. ಹೊರಗವಲು ಮುಖ, ನಾಲಿಗೆ, ದವಡೆಗಳಿಗೆ ರಕ್ತ ಕೊಡುತ್ತದೆ. ಒಳಗವಲು ಕತ್ತಿನಲ್ಲಿ ಎಲ್ಲಿಯೂ ಕವಲೊಡೆಯದೆ ನೇರವಾಗಿ ತಲೆಬುರುಡೆಯನ್ನು ಹೊಕ್ಕು ಮಿದುಳನ್ನು ಸೇರುತ್ತದೆ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮಿದುಳು ಉಸಿರಿನ ಆಮ್ಲಜನಕದಲ್ಲಿ ಸುಮಾರು ಶೇ 20ರಷ್ಟನ್ನು ಬಳಸುತ್ತದೆ. ನಿಮಿಷಕ್ಕೆ ಸುಮಾರು 700 ಮಿಲಿಲೀಟರ್ ರಕ್ತ ಅದಕ್ಕೆ ಬೇಕು. ಅದರ ಬಹುಪಾಲು ಹರಿಯುವುದು ಈ ಎರಡು ನಾಳಗಳಲ್ಲೇ.

ಕ್ಯಾನ್ಸರ್ ಚಿಕಿತ್ಸೆ ಈ ನಾಳವನ್ನು ಹಲವು ರೀತಿಯಲ್ಲಿ ಬಡವಾಗಿಸುತ್ತದೆ. ಕತ್ತಿನ ಗಂಟುಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ನಾಳದ ಸುತ್ತಲಿನ ಹೊದಿಕೆ ಹೋಗುತ್ತದೆ. ವಾರಗಟ್ಟಲೆ ನಡೆಯುವ ವಿಕಿರಣ ಚಿಕಿತ್ಸೆಯಲ್ಲಿ, ನಾಳದ ಗೋಡೆಗೇ ಆಹಾರ ಒದಗಿಸುವ ಕೂದಲೆಳೆಯಂಥ ಸೂಕ್ಷ್ಮ ನಾಳಗಳು ಮುಚ್ಚಿಹೋಗುತ್ತವೆ. ಗಾಯ ಕೂಡದೆ ಬಾಯಿಯ ಎಂಜಲು ಒಳಗೊಳಗೇ ಸೋರತೊಡಗಿದರೆ ಸೋಂಕು ಸೇರಿಕೊಂಡು ಗೋಡೆಯನ್ನು ಕೊರೆಯುತ್ತದೆ. ಕ್ಯಾನ್ಸರ್ ಮರುಕಳಿಸಿದರಂತೂ ಗೆಡ್ಡೆಯೇ ನಾಳವನ್ನು ಅಪ್ಪಿಕೊಳ್ಳುತ್ತದೆ. ಕತ್ತಿನ ದೊಡ್ಡ ಶಸ್ತ್ರಚಿಕಿತ್ಸೆಯಾದ ನೂರು ಜನರಲ್ಲಿ ಮೂರು ನಾಲ್ಕು ಮಂದಿಗೆ ಹೀಗೆ ನಾಳ ಒಡೆಯಬಹುದು ಎಂಬುದು ವೈದ್ಯಕೀಯ ಗ್ರಂಥಗಳ ಹಳೆಯ ಲೆಕ್ಕ. ಒಮ್ಮೆ ವಿಕಿರಣ ಪಡೆದ ಜಾಗಕ್ಕೇ ಮತ್ತೆ ವಿಕಿರಣ ಕೊಡಬೇಕಾಗಿ ಬಂದವರಲ್ಲಿ ಅಪಾಯ ಇನ್ನೂ ಹೆಚ್ಚು.

ಒಡೆದ ನಾಳವನ್ನು ಏನು ಮಾಡಬೇಕು? ಕಟ್ಟಿಬಿಡಬೇಕು ಎಂಬುದು ಶಸ್ತ್ರವೈದ್ಯರ ಪುರಾತನ ಉತ್ತರ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಅಬರ್ನೆಥಿ 1798ರಲ್ಲಿ, ಕೊಂಬಿನ ತಿವಿತದಿಂದ ಕತ್ತು ಸೀಳಿಹೋಗಿದ್ದ ಮನುಷ್ಯನೊಬ್ಬನ ಕ್ಯಾರೋಟಿಡ್ ನಾಳವನ್ನು ದಾರದಿಂದ ಬಿಗಿದು ರಕ್ತ ನಿಲ್ಲಿಸಿದ. ರಕ್ತವೇನೋ ನಿಂತಿತು. ಆದರೆ ರೋಗಿಗೆ ಅರ್ಧಾಂಗ ಬಿದ್ದುಹೋಯಿತು. ಎರಡು ದಿನ ತುಂಬುವ ಮೊದಲೇ ಆತ ತೀರಿಕೊಂಡ. ಹತ್ತು ವರ್ಷಗಳ ಅನಂತರ, 1808ರಲ್ಲಿ, ಅದೇ ನಗರದ ಗೈಸ್ ಆಸ್ಪತ್ರೆಯಲ್ಲಿ ಆಸ್ಟ್ಲಿ ಕೂಪರ್ ಕತ್ತಿನ ನಾಳದ ಉಬ್ಬಿಗಾಗಿ ಅದೇ ನಾಳವನ್ನು ಕಟ್ಟಿದಾಗ ಆ ರೋಗಿ ಅಂಗವೂನವಿಲ್ಲದೆ ಹದಿಮೂರು ವರ್ಷ ಬದುಕಿದ್ದ. ಒಂದೇ ನಾಳ, ಒಂದೇ ಬಗೆಯ ದಾರ. ಒಬ್ಬನ ಮಿದುಳು ತಾಳಿಕೊಂಡಿತು, ಇನ್ನೊಬ್ಬನದು ತಾಳಲಿಲ್ಲ. ಇಂದು ನನ್ನ ಮುಂದೆ ಮೇಜಿನ ಮೇಲೆ ಮಲಗಿದ ರೋಗಿಯ ವಿಷಯದಲ್ಲೂ ಪ್ರಶ್ನೆ ಇದೇ.

ಈ ವ್ಯತ್ಯಾಸದ ಗುಟ್ಟು ಮಿದುಳಿನ ತಳದಲ್ಲಿದೆ. ಬಲ ಮತ್ತು ಎಡ ಕ್ಯಾರೋಟಿಡ್‌ಗಳನ್ನೂ ಹಿಂಬದಿಯಿಂದ ಬರುವ ನಾಳಗಳನ್ನೂ ಒಂದಕ್ಕೊಂದು ಜೋಡಿಸುವ ಬಳೆಯಂಥ ರಚನೆಯೊಂದು ಅಲ್ಲಿದೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ವಿವರಿಸಿದ್ದರಿಂದ ಅದಕ್ಕೆ ವಿಲ್ಲಿಸ್ ವರ್ತುಲ ಎಂದೇ ಹೆಸರು. ಊರಿನ ಹೊರವರ್ತುಲ ರಸ್ತೆ ಇದ್ದಂತೆ. ಒಂದು ಹೆದ್ದಾರಿ ಬಂದ್ ಆದರೆ ವಾಹನಗಳು ಬಳಸುಹಾದಿಯಿಂದ ಬಂದು ಸೇರುತ್ತವೆ. ಆದರೆ ಈ ಬಳೆ ಪುಸ್ತಕದ ಚಿತ್ರದಲ್ಲಿರುವಂತೆ ಪೂರ್ಣವಾಗಿರುವುದು ಎಲ್ಲರಲ್ಲೂ ಅಲ್ಲ. ಬಹಳ ಜನರಲ್ಲಿ ಅದರ ಒಂದಲ್ಲ ಒಂದು ತುಂಡು ತೀರ ಸಣ್ಣದು, ಇಲ್ಲವೇ ಇಲ್ಲವೇ ಇಲ್ಲ. ಯಾರ ಬಳೆ ಪೂರ್ಣ, ಯಾರದು ಮುರುಕು ಎಂಬುದು ಹೊರಗಿನಿಂದ ಯಾರಿಗೂ ತಿಳಿಯದು. ತುರ್ತಿನಲ್ಲಿ ಕತ್ತು ಬಿಚ್ಚಿ ನಾಳ ಕಟ್ಟುತ್ತಿದ್ದ ಕಾಲದಲ್ಲಿ ಹತ್ತು ರೋಗಿಗಳಲ್ಲಿ ನಾಲ್ವರು ಸಾಯುತ್ತಿದ್ದರು, ಆರು ಮಂದಿಯವರೆಗೂ ನರಸಂಬಂಧಿ ಹಾನಿಗೆ ಒಳಗಾಗುತ್ತಿದ್ದರು ಎಂದು ಹಳೆಯ ವರದಿಗಳು ಹೇಳುತ್ತವೆ. ರಕ್ತ ಸೋರಿ ಒತ್ತಡ ಕುಸಿದ ರೋಗಿಯಲ್ಲಿ ಬಳಸುಹಾದಿ ಇದ್ದೂ ಅದರಲ್ಲಿ ಹರಿಯಲು ರಕ್ತವೇ ಇರುತ್ತಿರಲಿಲ್ಲ ಎಂಬುದೂ ಇದಕ್ಕೆ ಒಂದು ಕಾರಣ.

ಕತ್ತು ಕೊಯ್ಯದೆಯೇ ನಾಳವನ್ನು ಮುಚ್ಚಬಹುದು ಎಂಬುದು ಇಪ್ಪತ್ತನೆಯ ಶತಮಾನದ ಕೊಡುಗೆ. ಪೋರ್ಚುಗಲ್ಲಿನ ಎಗಾಸ್ ಮೊನಿಜ್ 1927ರಲ್ಲಿ ಲಿಸ್ಬನ್ನಿನಲ್ಲಿ ಮಿದುಳಿನ ರಕ್ತನಾಳಗಳನ್ನು ಎಕ್ಸ್‌ರೇ ಚಿತ್ರದಲ್ಲಿ ಮೂಡಿಸಿದ. ಮಾಸ್ಕೋದ ಫ್ಯೋದರ್ ಸೆರ್ಬಿನೆಂಕೊ, ತೆಳ್ಳಗಿನ ನಳಿಕೆಯ ತುದಿಯಲ್ಲಿ ಪುಟ್ಟ ಬಲೂನನ್ನು ಮಿದುಳಿನ ನಾಳದವರೆಗೆ ಒಯ್ದು ಅಲ್ಲಿ ಬಿಟ್ಟುಬರುವ ವಿಧಾನವನ್ನು 1974ರಲ್ಲಿ ಜಗತ್ತಿಗೆ ತಿಳಿಸಿದ. ಮೇ ದಿನದ ಮೆರವಣಿಗೆಯಲ್ಲಿ ಮಕ್ಕಳ ಕೈಯ ಬಲೂನುಗಳನ್ನು ಕಂಡು ಆತನಿಗೆ ಈ ಯೋಚನೆ ಹೊಳೆಯಿತು ಎಂಬ ಕತೆ ನಮ್ಮ ವಿಭಾಗದವರಲ್ಲಿ ಪ್ರಚಲಿತ. ಅನಂತರ ಪ್ಲಾಟಿನಂ ತಂತಿಯ ಸುರುಳಿಗಳು ಬಂದವು, ಬಟ್ಟೆ ಹೊದಿಸಿದ ಸ್ಟೆಂಟ್‌ಗಳು ಬಂದವು. ಇವತ್ತು ತೊಡೆಯ ಬುಡದ ನಾಳದಲ್ಲಿ ಸಣ್ಣ ತೂತು ಮಾಡಿ, ಅಲ್ಲಿಂದ ನಳಿಕೆಯನ್ನು ಕತ್ತಿನವರೆಗೆ ಒಯ್ದು, ಒಡೆದ ಜಾಗವನ್ನು ನಿಮಿಷಗಳಲ್ಲಿ ಹುಡುಕಿ ಮುಚ್ಚುವುದು ಸಾಧ್ಯವಾಗಿದೆ.

ಒಡೆದಿರುವುದು ಹೊರಗವಲಿನ ಕೊಂಬೆಯಾದರೆ ಚಿಂತೆ ಕಡಿಮೆ. ಎಚ್ಚರದಿಂದ ಮುಚ್ಚಿದರೆ ಮಿದುಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮುಖ್ಯ ನಾಳವೋ ಒಳಗವಲೋ ಒಡೆದಿದ್ದರೆ ಮಾತ್ರ ಧರ್ಮಸಂಕಟ. ಸುರುಳಿ ತುಂಬಿ ನಾಳವನ್ನೇ ಶಾಶ್ವತವಾಗಿ ಮುಚ್ಚಿದರೆ ರಕ್ತ ಖಂಡಿತವಾಗಿ ನಿಲ್ಲುತ್ತದೆ, ಆದರೆ ಆ ಬದಿಯ ಮಿದುಳು ಬಳಸುಹಾದಿಯನ್ನೇ ನಂಬಬೇಕು. ಹೊದಿಕೆಯ ಸ್ಟೆಂಟ್ ಹಾಕಿ ತೂತನ್ನು ಒಳಗಿನಿಂದ ಮುಚ್ಚಿದರೆ ಹೆದ್ದಾರಿ ತೆರೆದೇ ಇರುತ್ತದೆ. ಆದರೆ ಆ ಲೋಹದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ಔಷಧ ಬೇಕು. ಕತ್ತಿನಿಂದ ರಕ್ತ ಚಿಮ್ಮುತ್ತಿರುವವನಿಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮದ್ದು! ಮೇಲಾಗಿ ಸೋಂಕು ಹಿಡಿದ, ಎಂಜಲು ಸೋರುವ ಜಾಗದಲ್ಲಿ ಆ ಸ್ಟೆಂಟ್ ಬಹುಕಾಲ ಬಾಳುವ ಭರವಸೆಯಿಲ್ಲ. ಮತ್ತೆ ರಕ್ತ ಸೋರುವ ಸಂಭವ ಸ್ಟೆಂಟ್ ಹಾಕಿದವರಲ್ಲಿ ಹೆಚ್ಚು ಎಂಬುದು ಹಲವು ಕೇಂದ್ರಗಳ ಅನುಭವ. ಎರಡು ವಿಧಾನಗಳನ್ನೂ ಎದುರುಬದುರು ನಿಲ್ಲಿಸಿ ಯಾವುದು ಮೇಲೆಂದು ತೀರ್ಮಾನಿಸಿದ ದೊಡ್ಡ ಪ್ರಯೋಗಗಳಿಲ್ಲ. ಇಂಥ ತುರ್ತಿನಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸುತ್ತ ಕೂರಲು ಯಾರಿಗೆ ಸಾಧ್ಯ?

ಪುರುಸೊತ್ತು ಇದ್ದಾಗ ನಾವು ಮಾಡುವ ಪರೀಕ್ಷೆಯೊಂದಿದೆ. ರೋಗಿ ಎಚ್ಚರವಾಗಿರುವಾಗಲೇ ನಾಳದಲ್ಲಿ ಬಲೂನು ಉಬ್ಬಿಸಿ ಇಪ್ಪತ್ತು ಮೂವತ್ತು ನಿಮಿಷ ಹರಿವು ತಡೆದು, ಆತನಿಂದ ಮಾತನಾಡಿಸಿ, ಕೈ ಹಿಡಿಸಿ, ನೂರರಿಂದ ಏಳೇಳು ಕಳೆಯಲು ಹೇಳಿ ಮಿದುಳು ತಾಳುತ್ತದೆಯೇ ಎಂದು ನೋಡುವುದು. ಅದರಲ್ಲಿ ಉತ್ತೀರ್ಣರಾದವರಲ್ಲೂ ಕೆಲವರಿಗೆ ಮುಂದೆ ಪಾರ್ಶ್ವವಾಯು ಬರುವುದುಂಟು. ಆದರೆ ರಕ್ತ ಸುರಿಯುತ್ತಿರುವವನ ಬಾಯಿಗೆ ಉಸಿರಿನ ಕೊಳವೆ ಹಾಕಿ, ಅರಿವಳಿಕೆ ಕೊಟ್ಟು ಮಲಗಿಸಿರುವಾಗ ಯಾರನ್ನು ಮಾತನಾಡಿಸುವುದು? ಆಗ ಉಳಿಯುವುದು ಚಿತ್ರಗಳು ಮಾತ್ರ. ಆರೋಗ್ಯವಂತ ಬದಿಯ ನಾಳಕ್ಕೆ ಬಣ್ಣದ ದ್ರವ ಬಿಟ್ಟು, ಅದು ಬಳೆಯನ್ನು ದಾಟಿ ಇತ್ತ ಕಡೆಗೆ ಬರುತ್ತದೆಯೇ, ಎರಡೂ ಬದಿಯ ಅಭಿಧಮನಿಗಳು ಸರಿಸುಮಾರು ಒಂದೇ ಕ್ಷಣದಲ್ಲಿ ತುಂಬುತ್ತವೆಯೇ ಎಂದು ನೋಡುತ್ತೇವೆ. ಒಂದೆರಡು ಸೆಕೆಂಡಿನ ಆ ವ್ಯತ್ಯಾಸದ ಮೇಲೆ ಒಬ್ಬ ಮನುಷ್ಯನ ಮಾತು, ಬಲಗೈ ನಿಂತಿರುತ್ತವೆ.

ನಾನು ಕಂಡ ರೋಗಿಯೊಬ್ಬರ ವಿಷಯ ಹೇಳಬೇಕು. ಐವತ್ತರ ಆಸುಪಾಸಿನ ವ್ಯಕ್ತಿ. ನಾಲಿಗೆಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ವಿಕಿರಣ ಎರಡೂ ಆಗಿದ್ದವು. ನಾಲ್ಕು ದಿನ ಮುಂಚೆ ಬಾಯಿಯಿಂದ ಸ್ವಲ್ಪ ರಕ್ತ ಬಂದಿತ್ತು. ಊರಿನ ಆಸ್ಪತ್ರೆಯೊಂದರಲ್ಲಿ ಒಸಡಿನ ರಕ್ತವೆಂದು ಮಾತ್ರೆ ಕೊಟ್ಟು ಕಳುಹಿಸಿದ್ದರು. ನಮ್ಮಲ್ಲಿಗೆ ಬಂದಾಗ ನಡುರಾತ್ರಿ. ಮಗ ಕತ್ತಿಗೆ ಟವೆಲ್ ಒತ್ತಿಹಿಡಿದಿದ್ದ. ಎಡಗಡೆಯ ಒಳಗವಲು ಒಡೆದಿತ್ತು. ಸೋಂಕಿನ ಗಾಯವಾದ್ದರಿಂದ ಸ್ಟೆಂಟ್ ಸಲ್ಲದೆಂದು ತೀರ್ಮಾನಿಸಿ ನಾಳವನ್ನು ಮುಚ್ಚಿದೆವು. ರಕ್ತ ನಿಂತಿತು. ಬೆಳಗಿನ ಜಾವ ಅವರನ್ನು ಎಚ್ಚರಗೊಳಿಸಿದಾಗ ಎರಡೂ ಕೈ ಎತ್ತಿದರು. ಮಧ್ಯಾಹ್ನದ ಹೊತ್ತಿಗೆ ಡಯಾಲಿಸಿಸ್ ರೋಗಿಯಂತೆ ಒತ್ತಡ ಇಳಿಯತೊಡಗಿತು. ಬಲಗೈ ಬಿಗುವು ಕಳೆದುಕೊಂಡಿತು. ಅವರ ಹೆಂಡತಿ ಕೇಳಿದ ಪ್ರಶ್ನೆ ಸರಳವಾಗಿತ್ತು: ‘ರಕ್ತ ನಿಂತಿದೆ ಅಂದ್ರಲ್ಲ ಡಾಕ್ಟ್ರೇ, ಮತ್ತೆ ಕೈ ಯಾಕೆ ಎತ್ತುತ್ತಿಲ್ಲ?’ ರಕ್ತ, ದ್ರವ, ಒತ್ತಡ ಏರಿಸುವ ಔಷಧ ಕೊಟ್ಟು, ತಲೆದಿಂಬು ತೆಗೆದು ಸಮತಟ್ಟಾಗಿ ಮಲಗಿಸಿದ ಮೇಲೆ ಸಂಜೆಗೆ ಕೈಗೆ ಬಲ ಮರಳಿತು. ಎಲ್ಲರ ಕತೆಯೂ ಹೀಗೆ ಮುಗಿಯುವುದಿಲ್ಲ. ಆದರೆ ಆ ತಾಯಿಯ ಪ್ರಶ್ನೆಯಲ್ಲೇ ಈ ಇಡೀ ಚಿಕಿತ್ಸೆಯ ತಿರುಳಿದೆ. ರಕ್ತ ನಿಲ್ಲಿಸುವುದು ಅರ್ಧ ಕೆಲಸ. ಮಿದುಳನ್ನು ಕಾಯುವುದು ಉಳಿದರ್ಧ. ಆ ಉಳಿದರ್ಧ ರಕ್ತ ನಿಂತ ಮೇಲೆ ಆರಂಭವಾಗುವುದಲ್ಲ, ಮೊದಲ ನಿಮಿಷದಿಂದಲೇ ಜೊತೆಗಿರುವಂಥದು.

ಪಾರ್ಶ್ವವಾಯು ಇಲ್ಲಿ ಹಲವು ಬಾಗಿಲುಗಳಿಂದ ಬರುತ್ತದೆ. ಬಳಸುಹಾದಿ ಸಾಲದೆ ಬರುವುದು ಒಂದು. ರಕ್ತದೊತ್ತಡ ಕುಸಿದು, ಇದ್ದ ಹಾದಿಯಲ್ಲೂ ಹರಿವು ಸಾಲದೆ ಬರುವುದು ಇನ್ನೊಂದು. ಒಡೆದ ಜಾಗದಲ್ಲಿ, ನಳಿಕೆಯ ತುದಿಯಲ್ಲಿ, ಸ್ಟೆಂಟಿನ ಒಳಮೈಯಲ್ಲಿ ಕಟ್ಟಿದ ಹೆಪ್ಪು ಕಳಚಿ ಮೇಲಕ್ಕೆ ಹೋಗಿ ಮಿದುಳಿನ ನಾಳದಲ್ಲಿ ಸಿಕ್ಕಿಕೊಳ್ಳುವುದು ಮತ್ತೊಂದು. ಪಾರ್ಶ್ವವಾಯುವಿನಲ್ಲಿ ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ 2006ರ ಅಂದಾಜನ್ನು ಓದುಗರು ಕೇಳಿರಬಹುದು. ಸಾಮಾನ್ಯ ಪಾರ್ಶ್ವವಾಯುವಿಗೆ ನಾಲ್ಕೂವರೆ ಗಂಟೆಯೊಳಗೆ ಕೊಡುವ ಹೆಪ್ಪು ಕರಗಿಸುವ ಚುಚ್ಚುಮದ್ದು ಇಲ್ಲಿ ನಿಷಿದ್ಧ. ಕೊಟ್ಟರೆ ಕತ್ತಿನ ರಕ್ತಸ್ರಾವ ಮತ್ತೆ ಬಾಯಿತೆರೆಯುತ್ತದೆ. ಉಳಿದಿರುವ ದಾರಿ, ನಳಿಕೆಯನ್ನು ಮಿದುಳಿನ ನಾಳದವರೆಗೆ ಒಯ್ದು ಹೆಪ್ಪನ್ನು ಹೀರಿ ಅಥವಾ ಬಲೆಯಂಥ ತಂತಿಯಲ್ಲಿ ಹಿಡಿದು ಹೊರಗೆಳೆಯುವುದು. ಈ ವಿಧಾನದ ಪ್ರಯೋಜನವನ್ನು 2015ರಲ್ಲಿ ಪ್ರಕಟವಾದ ಐದು ದೊಡ್ಡ ಪ್ರಯೋಗಗಳು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿಕೊಟ್ಟವು.

ಇಲ್ಲಿ ಒಂದು ಸೂಕ್ಷ್ಮವಿದೆ. ನಾಳವನ್ನು ಸುರುಳಿಗಳಿಂದ ತುಂಬಿ ಮುಚ್ಚಿದ ಮೇಲೆ ಹೆಪ್ಪು ಮೇಲೆ ಸಿಕ್ಕಿಕೊಂಡಿದೆ ಎಂದು ಗೊತ್ತಾದರೆ, ಅಲ್ಲಿಗೆ ಹೋಗುವ ನೇರ ದಾರಿಯನ್ನು ನಾವೇ ಮುಚ್ಚಿಬಿಟ್ಟಿರುತ್ತೇವೆ. ಆಗ ಇನ್ನೊಂದು ಬದಿಯಿಂದ, ಅದೇ ಮುರುಕು ಬಳೆಯ ಕಿರಿದಾದ ಸಂದಿಯ ಮೂಲಕ ನಳಿಕೆಯನ್ನು ತೂರಿಸಬೇಕು. ಆದ್ದರಿಂದ ಬಾಗಿಲು ಮುಚ್ಚುವ ಮುನ್ನ ಮಿದುಳಿನ ನಾಳಗಳ ಚಿತ್ರವನ್ನು ಇನ್ನೊಮ್ಮೆ ತೆಗೆದು ನೋಡುವುದು ಎಷ್ಟೇ ಅವಸರದಲ್ಲೂ ಬಿಡಬಾರದ ಕ್ರಮ. ತೂತಿನ ಕೆಳಗಷ್ಟೇ ಮುಚ್ಚಿದರೂ ಸಾಲದು. ಬಳೆಯಿಂದ ಹಿಮ್ಮುಖವಾಗಿ ಇಳಿದುಬರುವ ರಕ್ತ ಮತ್ತೆ ಅದೇ ತೂತಿನಿಂದ ಸೋರುತ್ತದೆ. ಮೇಲೆ ಮೊದಲು, ಕೆಳಗೆ ಆಮೇಲೆ, ತೂತನ್ನು ನಡುವೆ ಸಿಕ್ಕಿಸಿ ಮುಚ್ಚಬೇಕು.

ಅರಿವಳಿಕೆ ವೈದ್ಯರ ಪಾತ್ರ ಇಲ್ಲಿ ನಮ್ಮದಕ್ಕಿಂತ ಕಿರಿದಲ್ಲ; ಅನೇಕ ಸಲ ಹಿರಿದು ಎಂದೇ ನನ್ನ ಅಭಿಪ್ರಾಯ. ರಕ್ತ ಸೋರುವಾಗ ಒತ್ತಡ ತಗ್ಗಿದ್ದರೆ ಸೋರಿಕೆ ಕಡಿಮೆ, ಆದರೆ ಮಿದುಳು ಒಣಗುತ್ತದೆ. ಏರಿಸಿದರೆ ಮಿದುಳಿಗೆ ಒಳಿತು, ಆದರೆ ಗಾಯ ಚಿಮ್ಮುತ್ತದೆ. ತೂತು ಮುಚ್ಚುವವರೆಗೆ ಒಂದು ಗುರಿ, ಮುಚ್ಚಿದ ಮರುಕ್ಷಣವೇ ಇನ್ನೊಂದು ಗುರಿ. ಇದನ್ನು ಬಾಯಿಬಿಟ್ಟು ಒಬ್ಬರಿಗೊಬ್ಬರು ಹೇಳಿಕೊಳ್ಳದಿದ್ದರೆ ಮುಚ್ಚಿದ ಮೇಲೂ ಹಳೆಯ ಗುರಿಯೇ ಮುಂದುವರಿದು ಮಿದುಳು ಹಸಿದು ಬಳಲುತ್ತದೆ. ಉಸಿರಾಟದ ಯಂತ್ರವನ್ನು ಅಗತ್ಯಕ್ಕಿಂತ ವೇಗವಾಗಿ ನಡೆಸಿದರೂ ಅಪಾಯವೇ: ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗಿದರೆ ಮಿದುಳಿನ ನಾಳಗಳು ಕಿರಿದಾಗುತ್ತವೆ. ಮುಗಿದ ಮೇಲೆ ರೋಗಿಯನ್ನು ಆದಷ್ಟು ಬೇಗ ಎಚ್ಚರಿಸಿ ಕೈಕಾಲು ಆಡಿಸಿ ನೋಡಬೇಕು. ಮಲಗಲಿ ಪಾಪ, ಬಳಲಿದ್ದಾರೆ ಎಂದು ಬೆಳಗಿನವರೆಗೆ ನಿದ್ದೆಯ ಔಷಧದಲ್ಲಿ ಇಟ್ಟರೆ, ಪಾರ್ಶ್ವವಾಯು ಬಂದದ್ದು ಯಾವಾಗ ಎಂಬುದೇ ತಿಳಿಯದೆ ಹೋಗುತ್ತದೆ. ಮೊದಲ ಎರಡು ಮೂರು ದಿನ ಗಂಟೆಗೊಮ್ಮೆ ಮಾತು, ಮುಖ, ಕೈ ನೋಡುವ ನರ್ಸ್ ಒಬ್ಬರು ಮಂಚದ ಬಳಿ ಇದ್ದರೆ, ಅದು ಯಾವ ದುಬಾರಿ ಯಂತ್ರಕ್ಕೂ ಕಡಿಮೆಯಿಲ್ಲದ ರಕ್ಷಣೆ.

ಇಷ್ಟೆಲ್ಲ ಓದಿದ ಮೇಲೆ ಯಾರಿಗಾದರೂ ಅನಿಸಬಹುದು, ಇದಕ್ಕೆ ಕ್ಯಾನ್ಸರ್ ತಜ್ಞರೂ ಬೇಕು, ರಕ್ತನಾಳ ತಜ್ಞರೂ ಬೇಕು, ನರರೋಗ ತಜ್ಞರೂ ಬೇಕು, ಅದೂ ನಡುರಾತ್ರಿ ಒಂದೇ ಸೂರಿನಡಿ ಎಂದು. ಹೌದು, ತೊಡಕು ಇರುವುದು ಅಲ್ಲೇ. ನಮ್ಮ ಆರೋಗ್ಯ ವ್ಯವಸ್ಥೆ ಅಂಗಾಂಗವಾರು ಹಂಚಿಹೋಗಿದೆ. ಬೆಂಗಳೂರಿನಲ್ಲಿ ಕ್ಯಾನ್ಸರಿಗೆ ಕಿದ್ವಾಯಿ, ಮಿದುಳಿಗೆ ನಿಮ್ಹಾನ್ಸ್. ಎರಡೂ ಹೊಸೂರು ರಸ್ತೆಯ ನೆರೆಹೊರೆಯವು ಎಂಬುದು ರಾಜಧಾನಿಯ ಭಾಗ್ಯ. ಬೀದರ್, ರಾಯಚೂರು, ಕಾರವಾರಗಳ ರೋಗಿಗೆ ಆ ನೆರೆಹೊರೆ ನೂರಾರು ಕಿಲೋಮೀಟರ್ ದೂರ. ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಜಿಲ್ಲೆಗಳಿಗೆ ಹರಡುತ್ತಿರುವುದು ಸ್ವಾಗತಾರ್ಹ. ಆದರೆ ಆ ಶಸ್ತ್ರಚಿಕಿತ್ಸೆಯ ತೊಡಕುಗಳನ್ನು ನಿಭಾಯಿಸುವ ಶಕ್ತಿಯೂ ಅದೇ ವೇಗದಲ್ಲಿ ಹರಡದಿದ್ದರೆ ಅರ್ಧ ಸೇತುವೆ ಕಟ್ಟಿದಂತಾಗುತ್ತದೆ. ಎಲ್ಲ ಜಿಲ್ಲೆಗಳಲ್ಲೂ ಈ ಚಿಕಿತ್ಸೆ ಬೇಕೆಂದು ನಾನು ಹೇಳುತ್ತಿಲ್ಲ. ಅದು ಆಗದ ಮಾತು, ಮತ್ತು ವರ್ಷಕ್ಕೊಂದು ರೋಗಿಯನ್ನು ನೋಡುವ ಕೈಗೆ ಇದು ಒಗ್ಗುವುದೂ ಇಲ್ಲ. ಆಗಬಹುದಾದದ್ದು ಬೇರೆ ಇದೆ.

ಅಪಾಯ ಹೆಚ್ಚಿರುವ ರೋಗಿಗಳು ಯಾರೆಂದು ಮೊದಲೇ ಗೊತ್ತು: ಎರಡನೆಯ ಸಲ ವಿಕಿರಣ ಪಡೆದವರು, ಕತ್ತಿನಲ್ಲಿ ಕೂಡದ ಗಾಯವಿರುವವರು, ನಾಳವನ್ನು ಸುತ್ತಿದ ಗೆಡ್ಡೆಯಿರುವವರು. ಇವರ ಕಡತದ ಮೇಲೆ ಕೆಂಪು ಗುರುತು ಹಾಕಲು ಖರ್ಚಿಲ್ಲ. ಇಂಥವರಿಗೆ ಬಿಡುಗಡೆಯ ದಿನವೇ ಸಿ.ಟಿ. ಆಂಜಿಯೊಗ್ರಾಮ್ ಮಾಡಿ ಬಳೆ ಪೂರ್ಣವೋ ಮುರುಕೋ ಎಂಬುದನ್ನು ಬರೆದಿಟ್ಟರೆ, ನಡುರಾತ್ರಿಯ ವೈದ್ಯನಿಗೆ ಅದು ಚಿನ್ನದಂಥ ಮಾಹಿತಿ. ಸಣ್ಣ ರಕ್ತಸ್ರಾವವಾದಾಗಲೇ ಬಂದರೆ ಬಲೂನು ಪರೀಕ್ಷೆಗೆ ಪುರುಸೊತ್ತು ಸಿಗುತ್ತದೆ. ಚಿಮ್ಮತೊಡಗಿದ ಮೇಲೆ ಸಿಗುವುದಿಲ್ಲ. 2008ರಿಂದ ರಾಜ್ಯದಲ್ಲಿ ಓಡುತ್ತಿರುವ 108ರ ಸಿಬ್ಬಂದಿಗೆ, ಬಟ್ಟೆಯ ಮುದ್ದೆಯನ್ನು ಗಾಯದ ಮೇಲಿಟ್ಟು ಬಿಡದೆ ಒತ್ತಿಹಿಡಿಯಬೇಕು, ಮತ್ತೆ ಮತ್ತೆ ತೆಗೆದು ನೋಡಬಾರದು, ಇಂಥ ರೋಗಿಯನ್ನು ಯಾವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು ಎಂಬುದು ತಿಳಿದಿರಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಂಥ ಯೋಜನೆಗಳಲ್ಲಿ, ನಾಳ ಮುಚ್ಚುವುದೂ ಅದೇ ರಾತ್ರಿ ಹೆಪ್ಪು ತೆಗೆಯಬೇಕಾಗಿ ಬರುವುದೂ ಒಂದೇ ತುರ್ತಿನ ಎರಡು ಭಾಗಗಳೆಂದು ಸ್ಪಷ್ಟವಾಗಿ ಪರಿಗಣಿತವಾಗಬೇಕು. ಸ್ಟೆಂಟಿನ ಬೆಲೆಯ ಬಗ್ಗೆ ಫೋನಿನಲ್ಲಿ ಚೌಕಾಸಿ ನಡೆಯುವ ಹೊತ್ತು ಅದಲ್ಲ.

ಇನ್ನು ಹೇಳಲು ಕಷ್ಟವಾದ ಭಾಗ. ನಾಳ ಒಡೆದವರೆಲ್ಲರಿಗೂ ಈ ಚಿಕಿತ್ಸೆ ಮಾಡಲೇಬೇಕೆ? ಕ್ಯಾನ್ಸರ್ ಗುಣವಾಗಿ, ಗಾಯ ಮಾತ್ರ ಉಳಿದವರಿಗೆ ಖಂಡಿತ ಮಾಡಬೇಕು. ಅವರ ಮುಂದೆ ವರ್ಷಗಳ ಬಾಳಿದೆ. ಆದರೆ ಎಲ್ಲ ಚಿಕಿತ್ಸೆಯನ್ನೂ ಮೀರಿ ಕಾಯಿಲೆ ಮರಳಿ, ವಾರಗಳ ಲೆಕ್ಕದಲ್ಲಿ ಬದುಕುಳಿದಿರುವವರನ್ನು ಮೇಜಿನ ಮೇಲೆ ಮಲಗಿಸಿ, ರಕ್ತ ನಿಲ್ಲಿಸಿ, ಮಾತು ಮತ್ತು ಅರ್ಧ ದೇಹವನ್ನು ಕಳೆದುಕೊಂಡ ಸ್ಥಿತಿಯಲ್ಲಿ ಇನ್ನೊಂದು ತಿಂಗಳಿಗೆ ಒಪ್ಪಿಸುವುದು ಉಪಕಾರವೆಂದು ನನಗೆ ಅನಿಸುವುದಿಲ್ಲ. ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. ಬದುಕಿಸುವುದಷ್ಟೇ ವೈದ್ಯನ ಕೆಲಸ, ಉಳಿದದ್ದನ್ನು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ ಎನ್ನುತ್ತಾರೆ. ತಕ್ಕಡಿ ನಮ್ಮ ಕೈಯಲ್ಲಿಲ್ಲ ಎಂಬುದು ಸರಿ. ಆದರೆ ರೋಗಿಯ ಕೈಯಲ್ಲಿದೆ. ಅದನ್ನು ಆತನಿಗೆ ಕೊಡುವವರು ಬೇಕು. ಘನತೆಯಿಂದ ಸಾಯುವ ಹಕ್ಕನ್ನೂ, ಮುಂದೆ ತನಗೆ ಯಾವ ಚಿಕಿತ್ಸೆ ಬೇಕು ಯಾವುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನೂ ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಆ ತೀರ್ಪನ್ನು ಜಾರಿಗೆ ತರಲು ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಆದೇಶ ಕಾಗದದಿಂದ ಇಳಿದು ಹೊರರೋಗಿ ವಿಭಾಗದ ಮಾತುಕತೆಯಾಗುವುದು ಇನ್ನು ಮೇಲೆ ಆಗಬೇಕಾದ ಕೆಲಸ.

ಉಪಶಮನ ಆರೈಕೆಯವರು ಇಂಥ ಮನೆಗಳಿಗೆ ಒಂದು ಸಣ್ಣ ಸಲಹೆ ಕೊಡುತ್ತಾರೆ: ಗಾಢ ಬಣ್ಣದ, ಕಡುಗೆಂಪೋ ಕಪ್ಪೋ ಆದ ದಪ್ಪ ಟವೆಲ್‌ಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳಿ ಎಂದು. ರಕ್ತ ಚಿಮ್ಮಿದಾಗ ಬಿಳಿ ಬಟ್ಟೆಯ ಮೇಲೆ ಅದನ್ನು ಕಾಣುವ ಭಯ ರೋಗಿಗೂ ಮನೆಯವರಿಗೂ ಬೇಡ ಎಂಬ ಕಾರಣಕ್ಕೆ. ಜೊತೆಗೆ ರೋಗಿಯ ಅರಿವನ್ನು ಮಂದಗೊಳಿಸುವ ಔಷಧ, ಯಾರಿಗೆ ಫೋನ್ ಮಾಡಬೇಕೆಂಬ ಚೀಟಿ, ಕೈ ಹಿಡಿದು ಪಕ್ಕದಲ್ಲಿ ಕೂರಲು ಒಬ್ಬರು. ಇದನ್ನು ಕೈಚೆಲ್ಲಿದಂತೆ ಎಂದು ಯಾರೂ ತಿಳಿಯಬಾರದು. ಇದೂ ಸಿದ್ಧತೆಯೇ, ಕ್ಯಾಥ್ ಲ್ಯಾಬಿನ ಸಿದ್ಧತೆಯಷ್ಟೇ ಶಿಸ್ತು ಇದಕ್ಕೂ ಬೇಕು.

ಎರಡರಲ್ಲಿ ಯಾವುದು ಎಂಬ ಮಾತು ರಕ್ತ ಚಿಮ್ಮುವ ರಾತ್ರಿಗಿಂತ ಮೊದಲೇ ಆಗಿರಬೇಕು. ಒಪ್ಪಿಗೆ ಪತ್ರದ ಮೇಲೆ ನಡುರಾತ್ರಿ, ರಕ್ತ ಮೆತ್ತಿದ ಕೈಯಿಂದ ಮಗ ಹಾಕುವ ಸಹಿಗೆ ಕಾನೂನಿನಲ್ಲಿ ಬೆಲೆ ಇರಬಹುದು. ಆತ ಏನನ್ನು ಒಪ್ಪಿದ ಎಂಬುದು ಆತನಿಗೇ ಗೊತ್ತಿರುವುದಿಲ್ಲ. ಅಪಾಯವಿರುವ ರೋಗಿಯನ್ನೂ ಮನೆಯವರನ್ನೂ ಹಗಲು ಹೊತ್ತಿನಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಕೂರಿಸಿ ಅರ್ಧ ಗಂಟೆ ಮಾತನಾಡುವುದು ಯಾವ ಆಸ್ಪತ್ರೆಗೂ ಅಸಾಧ್ಯವಲ್ಲ. ಹೀಗಾಗಬಹುದು, ರಕ್ತ ನಿಲ್ಲಿಸಬಹುದು, ಹಾಗೆ ನಿಲ್ಲಿಸುವಾಗ ಮಾತು ಹೋಗಬಹುದು, ಕೈ ಹೋಗಬಹುದು, ಹೋದದ್ದು ಮರಳಲೂಬಹುದು, ನಿಮಗೆ ಏನು ಬೇಕು ಎಂದು ರೋಗಿಯನ್ನೇ ಕೇಳಬೇಕು. ನಾಲಿಗೆ ಕಳೆದುಕೊಂಡವರು ಸ್ಲೇಟಿನ ಮೇಲೆ ಬರೆದು ಉತ್ತರಿಸುತ್ತಾರೆ. ಆ ಉತ್ತರವನ್ನು ಕಡತದ ಮೊದಲ ಪುಟಕ್ಕೆ ಅಂಟಿಸಿಡಬೇಕು, ರಾತ್ರಿಪಾಳಿಯವರ ಕಣ್ಣಿಗೆ ಬೀಳುವ ಹಾಗೆ.